ಸಂತ ಜೋಸೆಫ್ ವಾಜ್: ವಿಶ್ವಾಸವನ್ನು ಕೈಯಿಂದ ಕೈಗೆ ದಾಟಿಸಿದ ಗುರು



ಜನವರಿ 16 ಸಂತ ಜೋಸೆಫ್ ವಾಜ್ ಅವರ ಹಬ್ಬ. ಮಂಗಳೂರು, ಕುಂದಾಪುರ ಕಡೆಯ ಕಥೋಲಿಕರಿಗೆ ಈ ಹೆಸರು ಮನೆಮಾತು. ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮ್ಮಲ್ಲಿ ಹೆಸರು ಕೇಳಿದವರು ಇರಬಹುದು, ಅವರ ಬದುಕನ್ನು ತಿಳಿದವರು ಕಡಿಮೆ. ಆದರೆ ನಮ್ಮಂಥ ಜನರಿಗಾಗಿಯೇ ಅವರು ಬದುಕಿದರೋ ಏನೋ ಎನ್ನಿಸುವಷ್ಟು ಅವರ ಕಥೆ ನಮಗೆ ಹತ್ತಿರವಾದದ್ದು. ಚದುರಿ ಹೋದ ಸಣ್ಣ ಸಣ್ಣ ಕ್ರೈಸ್ತ ಗುಂಪುಗಳು, ಒಂದಕ್ಕಿಂತ ಹೆಚ್ಚು ಭಾಷೆಗಳು, ಯಾವಾಗಲೋ ಒಮ್ಮೆ ಬರುವ ಗುರುಗಳು: ಇಂಥ ಕಡೆ ವಿಶ್ವಾಸವನ್ನು ಉಳಿಸಿ ಬೆಳೆಸುವುದು ಹೇಗೆ ಎಂಬುದನ್ನು ಅವರು ಮಾಡಿ ತೋರಿಸಿದರು.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆಣಾವಲಿಯಲ್ಲಿ. ಅದು ತಾಯಿಯ ಊರು. ತಂದೆ ಕ್ರಿಸ್ತೋವಾಂವ್ ವಾಜ್ ಸಾಂಕವಾಳದವರು, ತಾಯಿ ಮರಿಯಾ ದ ಮಿರಾಂಡಾ. ಕೊಂಕಣಿ ಮನೆಮಾತು. ಹುಡುಗ ಸಾಂಕವಾಳದಲ್ಲಿ ಪೋರ್ಚುಗೀಸ್ ಕಲಿತ, ಬೆಣಾವಲಿಯಲ್ಲಿ ಲ್ಯಾಟಿನ್ ಕಲಿತ. ಮುಂದೆ ಗೋವೆಯಲ್ಲಿ ಯೇಸುಸಭೆಯ ಸಂತ ಪೌಲರ ಕಾಲೇಜಿನಲ್ಲೂ ದೊಮಿನಿಕ್ ಸಭೆಯವರ ಸಂತ ತೋಮಸ್ ಅಕ್ವಿನಾಸರ ಕಾಲೇಜಿನಲ್ಲೂ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು. ಗುರುವಾದ ಮೇಲೆ ಬಡವರಂತೆ ಬರಿಗಾಲಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡರು. ಸಾಂಕವಾಳದಲ್ಲಿ ಒಂದು ಲ್ಯಾಟಿನ್ ಶಾಲೆ ತೆರೆದರು. ಗುರುಗಳಾಗಲು ಬಯಸುವ ಹುಡುಗರನ್ನು ತಯಾರು ಮಾಡುವ ಶಾಲೆ ಅದು. 1677ರಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದು ಒಪ್ಪಿಸಿಕೊಂಡರು. ಆ ಪತ್ರದಂತೆಯೇ ಕೊನೆಯವರೆಗೂ ಬದುಕಿದರು.

1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಆಗ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಕುಂದಾಪುರ, ಗಂಗೊಳ್ಳಿ ಮೊದಲಾದ ಕಡೆ ಕ್ರೈಸ್ತರಿದ್ದರು. ಆದರೆ ಅವರ ಸ್ಥಿತಿ ಚೆನ್ನಾಗಿರಲಿಲ್ಲ. ಗುರುಗಳು ಕಡಿಮೆ, ಚರ್ಚುಗಳು ಪಾಳು. ಅದಕ್ಕಿಂತ ದೊಡ್ಡ ತೊಂದರೆ ಧರ್ಮಸಭೆಯೊಳಗಿನ ಜಗಳ. ಪೋರ್ಚುಗಲ್ ರಾಜನ ಪೋಷಣೆಯ ಹಕ್ಕಿನ ಪ್ರಕಾರ ಈ ಪ್ರದೇಶ ಗೋವೆಯ ಮಹಾಧರ್ಮಾಧ್ಯಕ್ಷರಿಗೆ ಸೇರಬೇಕೆಂದು ಒಂದು ಪಕ್ಷ. ರೋಮಿನಿಂದ ನೇರವಾಗಿ ನೇಮಕವಾಗಿ ಬಂದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರದೇ ಅಧಿಕಾರವೆಂದು ಇನ್ನೊಂದು ಪಕ್ಷ. ಯಾರು ಕೊಟ್ಟ ಸಂಸ್ಕಾರ ಸರಿ, ಯಾರದು ಸರಿಯಲ್ಲ ಎಂಬ ಗೊಂದಲದಲ್ಲಿ ಬಡ ಜನ ಕಂಗೆಟ್ಟಿದ್ದರು.

ಗೋವೆಯ ಕಡೆಯಿಂದ ಬಂದ ವಾಜ್ ಆ ಜಗಳಕ್ಕೆ ತುಪ್ಪ ಸುರಿಯಲಿಲ್ಲ. ಧರ್ಮಾಧ್ಯಕ್ಷರ ಬಗ್ಗೆ ಗೌರವದಿಂದಲೇ ನಡೆದುಕೊಂಡರು. ಅಧಿಕಾರದ ಪ್ರಶ್ನೆಯನ್ನು ದೊಡ್ಡವರು ಬಗೆಹರಿಸಿಕೊಳ್ಳಲಿ, ಜನ ಮಾತ್ರ ಪಾಪನಿವೇದನೆಯಿಲ್ಲದೆ, ಪರಮಪ್ರಸಾದವಿಲ್ಲದೆ ಇರಬಾರದು ಎಂಬುದು ಅವರ ನಿಲುವಾಗಿತ್ತು. ಊರೂರು ನಡೆದರು. ಬಿದ್ದ ಚರ್ಚುಗಳನ್ನು ಎತ್ತಿ ನಿಲ್ಲಿಸಿದರು. ಮಕ್ಕಳಿಗೆ ಶಾಲೆ ತೆರೆದರು. ಒಂದೊಂದು ಊರಿನಲ್ಲೂ ವಿಶ್ವಾಸಿಗಳ ಸಂಘ ಕಟ್ಟಿದರು. ಗುರುಗಳು ಮುಂದಿನ ಊರಿಗೆ ಹೋದ ಮೇಲೂ ಜಪಸರ ನಿಲ್ಲದಂತೆ, ರೋಗಿಗಳನ್ನು ನೋಡುವವರು ಇರುವಂತೆ, ಬಡವರ ಕೈ ಬಿಡದಂತೆ ನೋಡಿಕೊಳ್ಳುವುದು ಈ ಸಂಘಗಳ ಕೆಲಸ. ಮಂಗಳೂರಿನ ಹತ್ತಿರ ಮುಡಿಪುವಿನ ಗುಡ್ಡದ ಮೇಲೆ ಇಂದು ಅವರ ಪುಣ್ಯಕ್ಷೇತ್ರವಿದೆ. ಅಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಊಟೆ ಹುಟ್ಟಿತೆಂದು ಜನ ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ.

ಕೆನರಾದಲ್ಲಿ ಅವರಿದ್ದದ್ದು ಮೂರೇ ವರ್ಷ. 1684ರಲ್ಲಿ ಗೋವೆಗೆ ಮರಳಿದರು. ಮರುವರ್ಷ, ಹಳೆ ಗೋವೆಯ ಪವಾಡ ಶಿಲುಬೆಯ ಚರ್ಚಿನಲ್ಲಿ ಒಟ್ಟಾಗಿ ಪ್ರಾರ್ಥನಾಜೀವನ ನಡೆಸುತ್ತಿದ್ದ ಗೋವೆಯ ಕೆಲವು ಗುರುಗಳನ್ನು ಸೇರಿಕೊಂಡರು. ಆ ಕಾಲದಲ್ಲಿ ಯೂರೋಪಿನ ಸನ್ಯಾಸಸಭೆಗಳು ಈ ನಾಡಿನವರನ್ನು ಸೇರಿಸಿಕೊಳ್ಳುತ್ತಿದ್ದುದು ತೀರ ಅಪರೂಪ. ವಾಜ್ ಅವರ ಮುಂದಾಳುತನದಲ್ಲಿ ಈ ಗುಂಪು ಸಂತ ಫಿಲಿಪ್ ನೇರಿಯವರ ಮಾದರಿಯ ಗುರುಗಳ ಸಂಸ್ಥೆಯಾಗಿ ಬೆಳೆಯಿತು. ಈ ನಾಡಿನ ಗುರುಗಳೇ ಕಟ್ಟಿ, ಈ ನಾಡಿನ ಗುರುಗಳೇ ನಡೆಸಿದ ಸಂಸ್ಥೆ ಅದು.

ಆದರೆ ಅವರ ಮನಸ್ಸು ಬೇರೊಂದು ಕಡೆ ಎಳೆಯುತ್ತಿತ್ತು. ಶ್ರೀಲಂಕಾದ ಕರಾವಳಿಯನ್ನು ಡಚ್ಚರು ಪೋರ್ಚುಗೀಸರಿಂದ ಗೆದ್ದಿದ್ದರು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಅವರ ಕೈಗೆ ಬಂತು. ಕಥೋಲಿಕ ಗುರುಗಳನ್ನು ಓಡಿಸಿದರು. ಗುರುಗಳನ್ನು ಬಚ್ಚಿಟ್ಟವರಿಗೆ ಮರಣದಂಡನೆ ಎಂದು ಸಾರಿದರು. ಹೀಗೆ ಸುಮಾರು 30 ವರ್ಷ ಆ ದ್ವೀಪದ ಕಥೋಲಿಕರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಒಂದು ತಲೆಮಾರು ಗುರುವಿನ ಮುಖವನ್ನೇ ನೋಡದೆ ದೊಡ್ಡದಾಗಿತ್ತು. ಬಿಳಿಯ ಗುರು ಹೋದರೆ ಕೂಡಲೇ ಗುರುತು ಸಿಗುತ್ತದೆ, ಕಪ್ಪು ಮೈಬಣ್ಣದ ತಾನು ಹೋಗಬಹುದು ಎಂದು ವಾಜ್ ಲೆಕ್ಕ ಹಾಕಿದರು. 1686ರಲ್ಲಿ ಮೇಲಾಳುತನವನ್ನು ಬಿಟ್ಟುಕೊಟ್ಟು, ಜಾನ್ ಎಂಬ ಸೇವಕನೊಂದಿಗೆ ಹೊರಟರು. ದಕ್ಷಿಣಕ್ಕೆ ಇಳಿದು ತೂತ್ತುಕುಡಿ ಸೇರಿ, ಕೂಲಿಯವನ ವೇಷದಲ್ಲಿ ದೋಣಿ ಹತ್ತಿ, 1687ರಲ್ಲಿ ಜಾಫ್ನಾಕ್ಕೆ ಕಾಲಿಟ್ಟರು.

ಇಳಿದ ಕೂಡಲೇ ಹೊಟ್ಟೆಯ ಕಾಯಿಲೆ ಹಿಡಿಯಿತು. ಇಬ್ಬರೂ ಸಾಯುವ ಸ್ಥಿತಿಗೆ ಬಂದರು. ಒಬ್ಬ ಹೆಂಗಸು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಎದ್ದು ಓಡಾಡುವಂತಾದ ಮೇಲೆ ವಾಜ್ ಒಂದು ಉಪಾಯ ಮಾಡಿದರು. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಯಾರ ಕಣ್ಣು ಆ ಜಪಸರದ ಮೇಲೆ ನಿಲ್ಲುತ್ತದೆ ಎಂದು ನೋಡುತ್ತ ಹೋದರು. ಕೊನೆಗೆ ಒಂದು ಮನೆಯವರ ಕಣ್ಣು ನಿಂತಿತು. ಆ ಒಂದು ಮನೆಯಿಂದ ಇನ್ನೊಂದು ಮನೆ, ಆ ಮನೆಯಿಂದ ಒಂದು ಬೀದಿ, ಹೀಗೆ ಮುಚ್ಚಿಹೋಗಿದ್ದ ಧರ್ಮಸಭೆ ಮತ್ತೆ ಉಸಿರಾಡತೊಡಗಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಮಾತಿದೆ. ವಾಜ್ ಅಲ್ಲಿಗೆ ಹೋದಾಗ ವಿಶ್ವಾಸ ಪೂರ್ತಿ ಸತ್ತಿರಲಿಲ್ಲ. ಗುರುಗಳಿಲ್ಲದ ಆ 30 ವರ್ಷ ಅದನ್ನು ಕಾಪಾಡಿದವರು ಯಾರು? ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ಅಮ್ಮಂದಿರು, ಕತ್ತಲಾದ ಮೇಲೆ ಬಾಗಿಲು ಹಾಕಿಕೊಂಡು ಜಪಸರ ಹೇಳಿಸಿದ ಅಜ್ಜಂದಿರು. ಅವರು ಹಾಗೆ ಮಾಡದೆ ಇದ್ದಿದ್ದರೆ ವಾಜ್ ಅವರ ಕೊರಳಿನ ಜಪಸರವನ್ನು ಗುರುತಿಸುವವರು ಒಬ್ಬರೂ ಇರುತ್ತಿರಲಿಲ್ಲ.

ಜಾಫ್ನಾದ ಹತ್ತಿರದ ಸಿಲ್ಲಾಲೆ ಎಂಬ ಹಳ್ಳಿ ಅವರಿಗೆ ಆಸರೆಯಾಯಿತು. ರಾತ್ರಿ ಬಲಿಪೂಜೆ, ರಾತ್ರಿಯೇ ಪಾಪನಿವೇದನೆ, ಬೆಳಗಾಗುವ ಮುಂಚೆ ಬೇರೆ ಮನೆ. 1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸೈನಿಕರು ಪೂಜೆಗೆ ಕೂಡಿದ್ದವರ ಮೇಲೆ ಬಿದ್ದರು. ವಾಜ್ ತಪ್ಪಿಸಿಕೊಂಡರು. ಸಿಕ್ಕಿಬಿದ್ದ ವಿಶ್ವಾಸಿಗಳು ಹೊಡೆತ ತಿಂದರು, ಸೆರೆಗೆ ಹೋದರು. ಆಮೇಲೆ ವಾಜ್ ಪುತ್ತಳಂಗೆ ಬಂದರು. ಅಲ್ಲಿಂದ 1692ರಲ್ಲಿ ಸಿಂಹಳ ರಾಜನ ರಾಜಧಾನಿ ಕ್ಯಾಂಡಿಗೆ ಹೊರಟರು. ಅಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಆಪಾದನೆಯ ಮೇಲೆ ಅವರನ್ನು ಹಿಡಿದು ಸೆರೆಯಲ್ಲಿಟ್ಟರು.

ಸೆರೆಯ ದಿನಗಳನ್ನು ವಾಜ್ ವ್ಯರ್ಥ ಮಾಡಲಿಲ್ಲ. ಅಲ್ಲಿ ಸಿಂಹಳ ಕಲಿತರು. ಕಾವಲು ಸ್ವಲ್ಪ ಸಡಿಲವಾದಾಗ ಒಂದು ಸಣ್ಣ ಗುಡಿಸಲನ್ನು ಪೂಜೆಯ ಮನೆ ಮಾಡಿಕೊಂಡರು. 1693ರಲ್ಲಿ ನಾಡಿಗೆ ಬರ ಬಂದಾಗ ಎರಡನೆಯ ವಿಮಲಧರ್ಮಸೂರ್ಯ ರಾಜ ಈ ಕಥೋಲಿಕ ಸನ್ಯಾಸಿಯೂ ಪ್ರಾರ್ಥಿಸಲಿ ಎಂದು ಕೇಳಿಕೊಂಡನೆಂದೂ, ವಾಜ್ ಚೌಕದಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದ ಮೇಲೆ ಮಳೆ ಸುರಿಯಿತೆಂದೂ ಚರಿತ್ರೆ ಹೇಳುತ್ತದೆ. ಅಂದಿನಿಂದ ಬೌದ್ಧ ರಾಜನ ನಾಡಿನಲ್ಲಿ ಅವರಿಗೆ ಓಡಾಡುವ, ಬೋಧಿಸುವ ಸ್ವಾತಂತ್ರ್ಯ ಸಿಕ್ಕಿತು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನ ಮನೆಯವರನ್ನೇ ಕಾಡಿನಲ್ಲಿ ಬಿಟ್ಟು ಓಡಿದಾಗ, ವಾಜ್ ಮತ್ತು ಅವರ ಸೋದರಳಿಯ ಜೋಸೆಫ್ ಕಾರ್ವಾಲೊ ಗುರುಗಳು ಉಳಿದುಕೊಂಡರು. ರೋಗಿಗಳ ಗಾಯ ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂಳಿದರು. ಕ್ರೈಸ್ತರು ಯಾರು, ಬೌದ್ಧರು ಯಾರು ಎಂದು ಕೇಳಲಿಲ್ಲ.

ಈಗ ಅವರ ಕೆಲಸದ ಒಳಗುಟ್ಟಿಗೆ ಬರೋಣ. ಇಡೀ ದ್ವೀಪಕ್ಕೆ ಒಬ್ಬರೇ ಗುರು, 1696ರಲ್ಲಿ ಗೋವೆಯಿಂದ ಇನ್ನಿಬ್ಬರು ಬರುವವರೆಗೂ ಒಬ್ಬರೇ. ಹಾಗಿದ್ದರೂ ನೂರಾರು ಹಳ್ಳಿಗಳಲ್ಲಿ ಭಾನುವಾರ ಭಾನುವಾರ ಜನ ಪ್ರಾರ್ಥನೆಗೆ ಕೂಡುತ್ತಿದ್ದರು. ಹೇಗೆ? ವಾಜ್ ಯಾವ ಊರಿಗೆ ಹೋದರೂ ಸಂಸ್ಕಾರಗಳನ್ನು ಕೊಟ್ಟು ಸುಮ್ಮನೆ ಹೊರಡುತ್ತಿರಲಿಲ್ಲ. ಆ ಊರಿನಲ್ಲಿ ನಡತೆಯಿಂದ ಎಲ್ಲರ ಮೆಚ್ಚುಗೆ ಪಡೆದ ಒಬ್ಬ ಸಂಸಾರಸ್ಥನನ್ನು ಗುರುತಿಸುತ್ತಿದ್ದರು. ಅವನನ್ನು ಕೂರಿಸಿಕೊಂಡು ಕಲಿಸುತ್ತಿದ್ದರು. ಪ್ರಾರ್ಥನೆ ನಡೆಸುವುದು ಹೇಗೆ, ಮಕ್ಕಳಿಗೆ ಧರ್ಮೋಪದೇಶ ಹೇಳುವುದು ಹೇಗೆ, ಪ್ರಾಣಾಪಾಯದಲ್ಲಿರುವ ಮಗುವಿಗೆ ಜ್ಞಾನಸ್ನಾನ ಕೊಡುವುದು ಹೇಗೆ, ಸಾಯುವವರ ಪಕ್ಕದಲ್ಲಿ ಕೂತು ಏನು ಹೇಳಬೇಕು, ಮುನಿಸಿಕೊಂಡ ಮನೆಗಳನ್ನು ಹೇಗೆ ಕೂಡಿಸಬೇಕು, ಎಲ್ಲವನ್ನೂ. ಹೀಗೆ ತಯಾರಾದವರನ್ನು ಅಲ್ಲಿಯ ಜನ ಮೂಪ್ಪು, ಅಣ್ಣಾವಿ ಎಂದು ಕರೆಯುತ್ತಿದ್ದರು. ಮೂಪ್ಪು ಊರಿನ ವಿಶ್ವಾಸಿಗಳ ಹಿರಿಯ, ಅಣ್ಣಾವಿ ಉಪದೇಶಿ. ಗುರುಗಳು ವರ್ಷಕ್ಕೊಮ್ಮೆ ಬಂದಾಗ ಯಾರು ಹುಟ್ಟಿದರು, ಯಾರು ಮದುವೆಗೆ ಸಿದ್ಧರಿದ್ದಾರೆ, ಯಾರು ದೂರ ಸರಿದಿದ್ದಾರೆ ಎಂಬುದನ್ನೆಲ್ಲ ಇವರು ತಿಳಿಸಬೇಕು.

ಗುರುಗಳ ವಿಷಯದಲ್ಲೂ ಇದೇ ಕ್ರಮ. 1705ರಲ್ಲಿ ಗೋವೆಯಿಂದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಯುವ ಗುರು ಬಂದರು. ಅವರಿಗೆ ಭಾಷೆಗಳಲ್ಲಿ ವರವಿದೆ ಎಂಬುದನ್ನು ವಾಜ್ ಕಂಡುಕೊಂಡರು. ಸಿಂಹಳ, ತಮಿಳು ಭಾಷೆಗಳನ್ನು ಆಳವಾಗಿ ಕಲಿತು ಜನರಿಗೆ ಪುಸ್ತಕ ಬರೆಯುವ ಕೆಲಸಕ್ಕೆ ಅವರನ್ನು ಹಚ್ಚಿದರು. ಗೊನ್ಸಾಲ್ವಿಸ್ 1742ರಲ್ಲಿ ತೀರಿಕೊಳ್ಳುವವರೆಗೆ ಹತ್ತಾರು ಪುಸ್ತಕ ಬರೆದರು. ಸಿಂಹಳ ಕಥೋಲಿಕ ಸಾಹಿತ್ಯದ ಪಿತಾಮಹ ಎಂದು ಇಂದು ಅವರ ಹೆಸರಿದೆ. ತಾವೇ ಎಲ್ಲವನ್ನೂ ಮಾಡಬೇಕೆಂಬ ಹಟ ವಾಜ್ ಅವರಿಗಿರಲಿಲ್ಲ. ತಮಗಿಂತ ಚೆನ್ನಾಗಿ ಮಾಡುವವರನ್ನು ಕಂಡರೆ ಸಂತೋಷಪಟ್ಟು ದಾರಿ ಬಿಟ್ಟುಕೊಡುತ್ತಿದ್ದರು. ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗಲೂ ಒಪ್ಪಲಿಲ್ಲ.

1711ರ ಜನವರಿ 16ರಂದು, 59ನೆಯ ವಯಸ್ಸಿನಲ್ಲಿ, ಕ್ಯಾಂಡಿಯಲ್ಲಿ ಅವರು ತೀರಿಕೊಂಡರು. ಆಗ ದ್ವೀಪದಲ್ಲಿ ಸುಮಾರು 70 ಸಾವಿರ ಕಥೋಲಿಕರಿದ್ದರೆಂದು ಧರ್ಮಸಭೆಯ ಚರಿತ್ರೆಗಳು ಹೇಳುತ್ತವೆ. ಅವರ ಸಮಾಧಿಯ ಗುರುತು ಇಂದು ಉಳಿದಿಲ್ಲ. ಆದರೆ ಡಚ್ಚರ ಆಳ್ವಿಕೆ 1796ರವರೆಗೂ ಮುಂದುವರಿದರೂ ಅವರು ಕಟ್ಟಿದ ಧರ್ಮಸಭೆ ಅಳಿಯಲಿಲ್ಲ. ಒಬ್ಬ ಮನುಷ್ಯನ ಶಕ್ತಿಯ ಮೇಲೆ ನಿಂತಿದ್ದರೆ ಅದು ಅವರೊಂದಿಗೇ ಮಣ್ಣಾಗುತ್ತಿತ್ತು. ಊರೂರಿನ ಮೂಪ್ಪು, ಅಣ್ಣಾವಿಗಳ ಮೇಲೆ, ಮನೆಮನೆಯ ತಾಯಂದಿರ ಮೇಲೆ ನಿಂತದ್ದರಿಂದ ಉಳಿಯಿತು. ಜಗದ್ಗುರು ಎರಡನೆಯ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಅದೇ ನಗರದಲ್ಲಿ ಅವರನ್ನು ಸಂತರ ಪಟ್ಟಿಗೆ ಸೇರಿಸಿದರು.

ಪ್ರಿಯರೇ, ಈಗ ನಮ್ಮ ಕಡೆಗೆ ನೋಡೋಣ. ವಾಜ್ ತೀರಿಕೊಂಡ ಆ ಕಾಲದಲ್ಲೇ ಫ್ರೆಂಚ್ ಯೇಸುಸಭೆಯ ಗುರುಗಳು ಕರ್ನಾಟಿಕ್ ಮಿಷನ್ ಎಂಬ ಹೆಸರಿನಲ್ಲಿ ನಮ್ಮ ಈ ಸೀಮೆಯ ಹಳ್ಳಿಗಳಲ್ಲಿ ಓಡಾಡುತ್ತಿದ್ದರು. 1773ರಲ್ಲಿ ಯೇಸುಸಭೆಯೇ ರದ್ದಾದಾಗ ಇಲ್ಲಿಯೂ ಗುರುಗಳ ಬರ ಬಂತು. ಅಂಥ ಕಾಲಗಳಲ್ಲಿ ಇಲ್ಲಿಯೂ ದೀಪ ಆರದಂತೆ ನೋಡಿಕೊಂಡವರು ಹಳ್ಳಿಯ ಉಪದೇಶಿಗಳು, ಮನೆಯ ಹಿರಿಯರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆದರೂ ನಮ್ಮ ಜ್ಞಾನಸ್ನಾನ ಅವರ ಋಣ.

ನಮ್ಮಲ್ಲಿ ಭಾನುವಾರದ ಪೂಜೆ ತಪ್ಪಿಸದವರು ಅನೇಕರಿದ್ದಾರೆ. ತಪಸ್ಸುಕಾಲದಲ್ಲಿ ಉಪವಾಸ ಹಿಡಿಯುತ್ತಾರೆ, ಕಾಣಿಕೆ ಕೊಡುತ್ತಾರೆ, ಹಬ್ಬಕ್ಕೆ ದುಡಿಯುತ್ತಾರೆ. ದೇವರು ಅವರನ್ನು ಆಶೀರ್ವದಿಸಲಿ. ಆದರೆ ಅವರಲ್ಲಿ ಎಷ್ಟು ಜನ ತಮ್ಮ ವಿಶ್ವಾಸವನ್ನು ಇನ್ನೊಬ್ಬರ ಕೈಗೆ ದಾಟಿಸಿದ್ದಾರೆ? ಧರ್ಮದ ಮಾತು ಗುರುಗಳ ಕೆಲಸ, ಸಿಸ್ಟರ್‌ಗಳ ಕೆಲಸ, ನಮ್ಮದೇನಿದ್ದರೂ ಕೇಳುವುದು ಎಂದು ಕೂತರೆ ನಮ್ಮ ಮಕ್ಕಳ ಕಾಲಕ್ಕೆ ಏನು ಉಳಿದೀತು? ಮಕ್ಕಳು ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುತ್ತಾರೆ. ಮನೆಯ ಕನ್ನಡ ಪ್ರಾರ್ಥನೆಗಳನ್ನು ಅಜ್ಜಿಯೊಬ್ಬರೇ ಬಲ್ಲರು. ಯುವಕರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿ ಯಾವ ಚರ್ಚಿಗೆ ಹೋಗುತ್ತಾರೆ, ಹೋಗುತ್ತಾರೋ ಇಲ್ಲವೋ, ಕೇಳುವವರಿಲ್ಲ. ಅಜ್ಜಿ ಕಣ್ಣು ಮುಚ್ಚಿದ ದಿನ ಆ ಮನೆಯ ಜಪಸರವೂ ನಿಲ್ಲುವುದಾದರೆ, ನಮ್ಮ ಹಿರಿಯರು ಬರಗಾಲಗಳನ್ನು ದಾಟಿಸಿ ತಂದದ್ದನ್ನು ನಾವು ಸುಭಿಕ್ಷದಲ್ಲಿ ಕಳೆದುಕೊಂಡ ಹಾಗೆ.

ವಾಜ್ ಗುರುಗಳು, ಓದಿದವರು, ನಾವು ಸಂಸಾರಸ್ಥರು ಎಂದು ಹಿಂಜರಿಯಬೇಕಾಗಿಲ್ಲ. ತಿರುವಾಂಕೂರಿನ ಸಂತ ದೇವಸಹಾಯಂ ಅವರನ್ನು ನೆನೆಯೋಣ. ಅರಮನೆಯ ಅಧಿಕಾರಿಯಾಗಿದ್ದ ಅವರು ಮನೆಯ ಕಷ್ಟಗಳಿಂದ ನೊಂದಿದ್ದಾಗ, ಯೋಬನ ಕಥೆ ಹೇಳಿ ಸಮಾಧಾನ ಮಾಡಿ ಯೇಸುಸ್ವಾಮಿಯ ದಾರಿ ತೋರಿಸಿದ್ದು ಗುರುಗಳಲ್ಲ, ಅವರೊಂದಿಗೆ ಕೆಲಸ ಮಾಡುತ್ತಿದ್ದ ಡೆ ಲನ್ನಾಯ್ ಎಂಬ ಸೈನ್ಯಾಧಿಕಾರಿ. 1745ರಲ್ಲಿ ದೇವಸಹಾಯಂ ಜ್ಞಾನಸ್ನಾನ ಪಡೆದರು, 1752ರಲ್ಲಿ ರಕ್ತಸಾಕ್ಷಿಯಾದರು, 2022ರಲ್ಲಿ ಸಂತರಾದರು. ಒಬ್ಬ ಸ್ನೇಹಿತ ಬಾಯಿ ತೆರೆದದ್ದರಿಂದ ಭಾರತಕ್ಕೆ ಒಬ್ಬ ಸಂತರು ಸಿಕ್ಕಿದರು.

ಎಲ್ಲಿಂದ ಶುರು ಮಾಡುವುದು? ದೊಡ್ಡ ಯೋಜನೆ ಬೇಡ. ವಾಜ್ ಅವರಂತೆ ಒಬ್ಬರಿಂದ ಶುರು ಮಾಡೋಣ. ಈ ವರ್ಷ ಪ್ರತಿಯೊಬ್ಬರೂ ಒಬ್ಬರನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳೋಣ. ಮೊದಲ ಪರಮಪ್ರಸಾದಕ್ಕೆ ತಯಾರಾಗುವ ಪಕ್ಕದ ಮನೆಯ ಮಗು ಇರಬಹುದು. ಮದುವೆಯಾಗಿ ನಮ್ಮ ಊರಿಗೆ ಬಂದು, ತೆಲುಗು ಪೂಜೆ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಕೂರುವ ಸೊಸೆ ಇರಬಹುದು. ಯಾವುದೋ ಮುನಿಸಿನಿಂದ ಚರ್ಚಿಗೆ ಬರುವುದನ್ನೇ ಬಿಟ್ಟ ಅಣ್ಣನೊಬ್ಬ ಇರಬಹುದು. ಅವರಿಗಾಗಿ ದಿನವೂ ಒಂದು ಮರಿಯಮ್ಮನ ಜಪ ಹೇಳೋಣ. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ, ಮೊದಲು ಅವರ ಮಾತು ಕೇಳೋಣ. ಆಮೇಲೆ ಭಾನುವಾರದ ಶುಭಸಂದೇಶವನ್ನು ಒಟ್ಟಿಗೆ ಓದೋಣ, ಒಂದು ಪ್ರಾರ್ಥನೆ ಹೇಳೋಣ. ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರಬೇಕೆಂದಿಲ್ಲ, ಗೊತ್ತಿಲ್ಲದ್ದನ್ನು ಗುರುಗಳನ್ನು ಕೇಳಿ ಮುಂದಿನ ವಾರ ಹೇಳಬಹುದು. ವರ್ಷದ ಕೊನೆಗೆ ಅವರೂ ಇನ್ನೊಬ್ಬರ ಮನೆಯ ಬಾಗಿಲು ತಟ್ಟುವಂತಾದರೆ ನಮ್ಮ ಕೆಲಸ ಫಲಿಸಿತು.

ಬೇರೆ ಧರ್ಮದ ನೆರೆಯವರ ನಡುವೆ ನಾವು ಬದುಕುತ್ತಿದ್ದೇವೆ. ಅಲ್ಲಿಯೂ ವಾಜ್ ಅವರೇ ದಾರಿ. ಅವರು ಬೌದ್ಧ ರಾಜನ ನಾಡಿನಲ್ಲಿ ಯಾರಿಗೂ ಆಸೆ ತೋರಿಸಲಿಲ್ಲ, ಯಾರ ಮೇಲೂ ಒತ್ತಾಯ ಹಾಕಲಿಲ್ಲ, ಯಾರ ದೇವರನ್ನೂ ಹೀಗಳೆದು ಗೌರವ ಗಳಿಸಲಿಲ್ಲ. ಸಿಡುಬಿನ ರೋಗಿಯ ಪಕ್ಕದಲ್ಲಿ ಕೂತರು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದವರಿಗೆ ಯೇಸುಸ್ವಾಮಿಯ ಹೆಸರು ಹೇಳಿದರು. ನಮ್ಮ ನಡತೆ ನೋಡಿ ಯಾರಾದರೂ ಹಾಗೆ ಕೇಳಿದರೆ, ನಾಚಿಕೆಪಡದೆ, ಜಂಬಪಡದೆ, ನಮ್ಮ ಮಾತಿನಲ್ಲೇ ಉತ್ತರ ಹೇಳಲು ಕಲಿಯೋಣ.

ಜನವರಿ 16ರಂದು ಮನೆಯಲ್ಲಿ ಜಪಸರ ಹೇಳುವಾಗ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳೋಣ. ಕೊರಳಲ್ಲಿ ಜಪಸರ ಹಾಕಿಕೊಂಡು ಬಂದ ಅಪರಿಚಿತ ಭಿಕ್ಷುಕನನ್ನು ಜಾಫ್ನಾದ ಒಂದು ಮನೆ ಗುರುತಿಸಿತು, ಏಕೆಂದರೆ ಆ ಮನೆಯಲ್ಲಿ ಯಾರೋ ಯಾರಿಗೋ ಕಲಿಸಿದ್ದರು. ನಮ್ಮ ಮನೆಯಲ್ಲಿ ಅದನ್ನು ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂದು ಆ ರಾತ್ರಿ ಮನೆಯವರೆಲ್ಲ ಕೂತು ಮಾತಾಡೋಣ. ಕಲಿಸಲು ಮುಂದೆ ಬರುವವರು ಭಾನುವಾರದ ಪೂಜೆಯ ಬಳಿಕ ಧರ್ಮಕೇಂದ್ರದ ಗುರುಗಳನ್ನು ಕಂಡು ಹೆಸರು ಹೇಳಿದರೆ ಸಾಕು, ಮುಂದಿನ ತಯಾರಿಗೆ ಅವರು ಜೊತೆಯಾಗುತ್ತಾರೆ.

ಸಂತ ಜೋಸೆಫ್ ವಾಜ್ ಅವರೇ, ನಮಗಾಗಿ ಪ್ರಾರ್ಥಿಸಿರಿ.